ಅಟ್ಟದ ಕೆಳಗಿನ ಫೋನು

ನಾನು ದಯಾನಂದ, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ರೇಡಿಯೋ ಅಲೆ, ಮೊಬೈಲ್ ಅಲೆ, ಕಣ್ಣಿಗೆ ಕಾಣುವ ಬೆಳಕು, ಎಕ್ಸ್‌ರೇ ಎಲ್ಲವೂ ಒಂದೇ ಕುಲ, ಒಂದೇ ವೇಗ, ಅಲೆಯ ಉದ್ದ ಮಾತ್ರ ಬೇರೆ ಎಂದು ಹದಿನಾರು ವರ್ಷದಿಂದ ಬೋರ್ಡಿನ ಮೇಲೆ ಗೀಚುತ್ತಿದ್ದೇನೆ. ಪುಸ್ತಕದ ಬದನೆಕಾಯಿ!

ದಬ್ಬೇಘಟ್ಟದಲ್ಲಿರುವ ನನ್ನಕ್ಕ ವಿಮಲಮ್ಮನ ಗಂಡ ರುದ್ರೇಶ್ ಭಾವನಿಗೆ ಎರಡೂ ಕಿಡ್ನಿ ಕೈಕೊಟ್ಟು ಮೂರು ವರ್ಷವಾಗಿತ್ತು. ಬದಲಿ ಕಿಡ್ನಿಗೆ ಹೆಸರು ಬರೆಸಿದ್ದೆವು. ಕರೆದಾಗ ಒಂದು ಗಂಟೆಯೊಳಗೆ ಫೋನಿನಲ್ಲಿ ಸಿಗದಿದ್ದರೆ ಕಿಡ್ನಿ ಮುಂದಿನವರಿಗೆ ಹೋಗುತ್ತದೆ ಎಂದು ಆಸ್ಪತ್ರೆಯವರು ಹೇಳಿದ್ದರು. ಅವರಿಗೆ ಕೊಟ್ಟಿದ್ದ ನಂಬರು ಎರಡು, ಭಾವನದು ಮತ್ತು ನನ್ನದು.

ಒಂದು ಭಾನುವಾರ ಅಕ್ಕನ ಮನೆಯ ಅಟ್ಟಕ್ಕೆ ತೆಂಗಿನಕಾಯಿ ತುಂಬಿದೆವು. ಭಾವ ಮಲಗುವ ಕೋಣೆಯ ಮೇಲೇ ಅಟ್ಟ. ಹನ್ನೊಂದು ತಿಂಗಳು ಮುಟ್ಟದೆ ಬಿಟ್ಟರೆ ಕಾಯೊಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ನಾನೂ ಕೈ ಜೋಡಿಸಿದೆ. ನನ್ನ ಫೋನನ್ನು ಆ ಕೋಣೆಯಲ್ಲೇ, ಭಾವನ ಫೋನಿನ ಪಕ್ಕದಲ್ಲಿ ಚಾರ್ಜಿಗಿಟ್ಟಿದ್ದೆ.

ಕಾಯಿ ಎಟುಕಿಸುತ್ತಾ ಅಕ್ಕ ಕೇಳಿದಳು: "ಇಷ್ಟೊಂದು ಕಾಯಿ ಸಿಗ್ನಲ್ಲಿಗೆ ಅಡ್ಡ ಆಗಲ್ವೇನೋ?"

"ಒಳಗೆ ರೇಡಿಯೋ ಹಾಡ್ತೈತಲ್ಲ, ಬುಡಕ್ಕ. ಎಲ್ಲಾ ಒಂದೇ ಕುಲದ ಅಲೆ ಕಣೇ," ಅಂದೆ, ಜಂಬದಿಂದ.

ಸಂಜೆ ಫೋನು ತೆಗೆದುಕೊಂಡು ಅಂಗಳಕ್ಕೆ ಬಂದೆ. ತಪ್ಪಿದ ಕರೆಗಳ ಮೆಸೇಜು ಬಂದು ಕೈಯಲ್ಲೇ ಗುಂಯ್‌ಗುಟ್ಟಿತು. ಆಸ್ಪತ್ರೆಯಿಂದ ಮೂರರಿಂದ ನಾಲ್ಕರೊಳಗೆ ಆರು ಸಲ ಕರೆ ಬಂದಿತ್ತು. ತಿರುಗಿ ಕರೆ ಮಾಡಿದೆ.

"ಬೇರೆಯವರಿಗೆ ಕೊಟ್ವಿ ಸಾರ್. ಎರಡು ನಂಬರಿಗೂ ಟ್ರೈ ಮಾಡಿದ್ವಿ," ಎಂದಳು ಆಸ್ಪತ್ರೆಯ ಹುಡುಗಿ, ತುಂಬಾ ಮೃದುವಾಗಿ.

ಆಗ ಹೊಳೆಯಿತು. ಭಾವನ ರೇಡಿಯೋದ ಮೀಡಿಯಂ ವೇವ್ ಅಲೆ ನೂರಾರು ಮೀಟರ್ ಉದ್ದ, ಅಡ್ಡಿ ಬಂದರೆ ಬಳಸಿ ಬರುತ್ತದೆ. ಮೊಬೈಲಿನದು ಮೊಳದುದ್ದವೂ ಇಲ್ಲ, ನೀರು ಸಿಕ್ಕಿದರೆ ಅಲ್ಲೇ ಇಂಗಿಹೋಗುತ್ತದೆ. ಅಟ್ಟದ ಮೇಲೆ ಎಂಟು ಸಾವಿರ ಕಾಯಿಯ ನೀರಿತ್ತು. ಇದನ್ನೂ ನಾನು ಪಾಠ ಮಾಡಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಒಳಗೆ ಹೋಗಿ ಎಲ್ಲಾ ಹೇಳಿದೆ. ಅಕ್ಕ ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಏಣಿ ಹತ್ತಿ ಒಂದೊಂದೇ ಕಾಯನ್ನು ಅಂಗಳಕ್ಕೆ ಎಸೆಯತೊಡಗಿದಳು.

"ಬುಡೇ ವಿಮಲಾ, ಮತ್ತೆ ಯಾವಾಗ ಕರೀತಾರೋ," ಎಂದ ಭಾವ ಒಳಗಿನಿಂದ. ಅವನು ಆಗಲೇ ರೇಡಿಯೋ ಆರಿಸಿದ್ದ.

ನಾನು ಫೋನು ಹಿಡಿದು ಅವನ ಮಂಚದ ಪಕ್ಕ ಕೂತೆ. ಅಟ್ಟ ಅರ್ಧ ಖಾಲಿಯಾಗುವ ಹೊತ್ತಿಗೆ ಸಿಗ್ನಲ್ಲಿನ ಒಂದು ಗೀಟು ಮೂಡಿತು, ಆಮೇಲೆ ಇನ್ನೊಂದು.

"ಬಂತೇನೋ?" ಅಕ್ಕ ಮೇಲಿನಿಂದ ಕೂಗಿದಳು.

ಬಂದಿತ್ತು. ಫೋನನ್ನು ಭಾವನ ದಿಂಬಿನ ಪಕ್ಕ ಇಟ್ಟು, ಉಳಿದ ಕಾಯಿ ಇಳಿಸಲು ನಾನೂ ಏಣಿ ಹತ್ತಿದೆ.