ರಜೆಯ ದಿನದ ತಿಂಡಿ

ಜಗಲಿಯಲ್ಲಿ ಮಲಗಿಸಿದ್ದ ಅಮ್ಮನ ಹಣೆಗೆ ಕುಂಕುಮ ಹಚ್ಚುತ್ತಿದ್ದ ಪುಷ್ಪಾ ಗೇಟಿನ ಸದ್ದಿಗೆ ತಲೆಯೆತ್ತಿದಳು. ತಟ್ಟೆ ಹಿಡಿದ ಹತ್ತು ಹನ್ನೆರಡು ಮಕ್ಕಳು ನಿಂತಿದ್ದವು.

"ಇವತ್ತು ರಜಾ ಕಣ್ರೋ," ಎಂದರು ಹಾರ ಹಿಡಿದು ಬಂದಿದ್ದ ಹೆಡ್‌ಮಾಸ್ತರ್ ಶಂಕರನಾರಾಯಣ. "ಪದ್ಮಮ್ಮಜ್ಜಿ ತೀರ್ಕೊಂಡ್ರು. ಅವರ ಗೌರವಕ್ಕೆ ರಜಾ ಕೊಟ್ಟಿದೀನಿ."

"ಗೊತ್ತು ಸಾರ್. ಸ್ಕೂಲಿಗೆ ಬೀಗ ಹಾಕಿತ್ತು," ಎಂದಳು ಐದನೇ ಕ್ಲಾಸಿನ ಮೈತ್ರಿ. "ಅದಕ್ಕೇ ಇಲ್ಲಿಗೆ ಬಂದ್ವಿ."

ಮೇಷ್ಟ್ರ ಮುಖ ಪೆಚ್ಚಾಯಿತು. ಹಾರ ತರುವ ಗಡಿಬಿಡಿಯಲ್ಲಿ, ಸ್ಕೂಲಲ್ಲಿ ಮಕ್ಕಳಿಗೆ ದಿನಾ ಸಿಗುತ್ತಿದ್ದ ಬೆಳಗಿನ ತಿಂಡಿಯ ವಿಚಾರ ಅವರಿಗೆ ಹೊಳೆದೇ ಇರಲಿಲ್ಲ.

ಪುಷ್ಪಾಳಿಗೆ ಸಿಟ್ಟು ಬಂತು. ರಾತ್ರಿಯೆಲ್ಲ ಕೂತು ಸೊಂಟ ಬಿದ್ದುಹೋಗಿತ್ತು. ಇದೊಂದು ಬೆಳಗಾದರೂ ಅಮ್ಮ ತನ್ನೊಬ್ಬಳಿಗೇ ಇರಬಾರದೇ?

*

ಕಾಗದದ ಗಿರಣಿ ನಿಂತ ಮೇಲೆ ಕಾಗದನಗರದ ತಾಯಂದಿರು ಮೊದಲ ಬಸ್ಸಿಗೇ ಶಿವಮೊಗ್ಗಕ್ಕೆ, ಸವಳಂಗ ರಸ್ತೆಯ ಮನೆ-ಅಂಗಡಿಗಳ ಕೆಲಸಕ್ಕೆ ಹೊರಡತೊಡಗಿದರು. ಒಂದು ದಿನ, ಆಗಿನ್ನೂ ಒಂದನೇ ಕ್ಲಾಸಿನಲ್ಲಿದ್ದ ಮೈತ್ರಿ ಪ್ರಾರ್ಥನೆಯ ಹೊತ್ತಿನಲ್ಲಿ ಹೊಟ್ಟೆಗಿಲ್ಲದೆ ತಲೆ ಸುತ್ತಿ ಬಿದ್ದಳು. ಬಿಸಿಯೂಟ ಮಾಡುತ್ತಿದ್ದ ಪದ್ಮಮ್ಮ ಮಾರನೆಯ ದಿನದಿಂದ ಬೆಳಗ್ಗೆ ಏಳಕ್ಕೇ ಹೋಗಿ ಉಪ್ಪಿಟ್ಟಿಗಿಟ್ಟಳು. ಹಸಿವಾ ಎಂದು ಯಾರನ್ನೂ ಕೇಳಲಿಲ್ಲ. "ಉಪ್ಪು ಸರಿಯಿದ್ಯಾ ನೋಡೇ ಮಾರಾಯ್ತಿ," ಎಂದು ತಟ್ಟೆ ತುಂಬಿಸಿ ಕೊಡುತ್ತಿದ್ದಳು. ಮಕ್ಕಳು ಸಂಕೋಚವಿಲ್ಲದೆ ತಿನ್ನುತ್ತಿದ್ದವು.

ಆಗ ಬಾಣಂತನಕ್ಕೆ ಬಂದಿದ್ದ ಪುಷ್ಪಾ ತನ್ನ ಸ್ನಾನದ ನೀರನ್ನು ತಾನೇ ಕಾಯಿಸಿಕೊಂಡಿದ್ದಳು. ಅದನ್ನವಳು ಮರೆತಿರಲಿಲ್ಲ.

*

"ಹೆಣ ಎತ್ತೋ ತನಕ ಈ ಸಾಲಲ್ಲಿ ಯಾರೂ ಒಲೆ ಹಚ್ಚೋ ಹಾಗಿಲ್ಲ," ಎಂದಳು ಪಕ್ಕದ ಮನೆಯ ಶೇಷಮ್ಮ. "ಎತ್ತೋದು ಹತ್ತಾಗುತ್ತೆ. ಅಷ್ಟೊತ್ತು ಕಾಯ್ಲಿ."

ಮೈತ್ರಿಯ ಹಿಂದೆ ನಿಂತಿದ್ದ ಪುಟ್ಟ ಮಗುವೊಂದು ತಟ್ಟೆಯ ಅಂಚು ಕಚ್ಚುತ್ತಿತ್ತು. ಪುಷ್ಪಾಳಿಗೆ ನೋಡಲಾಗಲಿಲ್ಲ.

"ಅತ್ತೆ, ಸೂತಕ ನಮಗೆ, ನಿಮಗಲ್ಲ. ನೀವು ಒಲೆ ಹಚ್ಚಿ. ಅಮ್ಮನ ಹೆಸರಲ್ಲಿ ಮಕ್ಳು ಉಪವಾಸ ಕೂರೋದು ಬೇಡ."

ಶೇಷಮ್ಮ, ಗೋಡೆಗೊರಗಿದ್ದ ಪದ್ಮಮ್ಮನ ಗಂಡ ಕರಿಯಪ್ಪನ ಕಡೆ ನೋಡಿದಳು.

"ಹಚ್ಚು ತಾಯಿ," ಎಂದ ಅವನು. "ಯಾರೇನಂದ್ರೂ ನಾನಿದೀನಿ."

ಗೊಣಗುತ್ತಲೇ ಅವಳು ರವೆ ಡಬ್ಬಿ ಇಳಿಸಿದಳು. ಸುದ್ದಿ ತಿಳಿದು ಉಳಿದ ಮಕ್ಕಳೂ ಬಂದವು. ಎರಡನೇ ಸಲ ಒಲೆಗೆ ಪಾತ್ರೆ ಏರಿಸಬೇಕಾಯಿತು.

ಚಟ್ಟ ಎತ್ತಿದಾಗ ಓಣಿಯುದ್ದಕ್ಕೂ ಮಕ್ಕಳು ಕೂತು ತಿನ್ನುತ್ತಿದ್ದವು.

"ಏಳ್ರೋ, ದಾರಿ ಬಿಡಿ!" ಮೇಷ್ಟ್ರು ಮುಂದೆ ಓಡಿದರು.

"ಬೇಡ ಸಾರ್. ತಿನ್ಲಿ ಬಿಡಿ," ಎಂದಳು ಪುಷ್ಪಾ.

ಹೊತ್ತವರು ಚರಂಡಿಯಂಚಿಗೆ ಸರಿದರು. ಒಂದು ತಟ್ಟೆಯನ್ನೂ ತುಳಿಯದಂತೆ ಕಾಲು ನೋಡಿ ನೋಡಿ ಇಡುತ್ತ, ಪದ್ಮಮ್ಮನನ್ನು ಆ ಸಾಲು ದಾಟಿಸಿಕೊಂಡು ಹೋದರು.