ಎಮ್ಲಿನ್ ಕಾದ ಮೂರು ನಿಮಿಷ

ಸೈಕಲ್ ತಂಡದ ಮ್ಯಾನೇಜರಿಗೆ ಏನು ಕೆಲಸ ಅಂತ ಜನ ಕೇಳುತ್ತಾರೆ. ಕಾರಿನಲ್ಲಿ ಕೂತು ಬೈಯುವುದು, ಇನ್ನೇನು? ಹನ್ನೊಂದು ವರ್ಷ ಸೈಕಲ್ ಮೇಲೆ ಕೂತು ಬೈಸಿಕೊಂಡೆ, ಈಗ ಒಂಬತ್ತು ವರ್ಷದಿಂದ ಬೈಯುತ್ತಿದ್ದೇನೆ. ಆ ಹನ್ನೊಂದು ವರ್ಷವೂ ನಾನು ಮುಂದೆ ತುಳಿದು ಕಂಡವರಿಗೆ ಗಾಳಿ ಮರೆ ಮಾಡಿದೆ, ನೀರು ಹೊತ್ತೆ, ಪಂಕ್ಚರ್ ಆದವರಿಗೆ ನನ್ನ ಚಕ್ರ ಬಿಚ್ಚಿಕೊಟ್ಟು ರಸ್ತೆ ಬದಿಯಲ್ಲಿ ನಿಂತೆ. ಎರಡು ವರ್ಷ ಬೆಲ್ಜಿಯಮ್ಮಿಗೂ ಹೋಗಿ ಅದೇ ಚಾಕರಿ ಮಾಡಿ ಬಂದೆ. "ರೆಗ್ ಸಟ್‌ಕ್ಲಿಫ್ ಒಳ್ಳೆಯವನು" ಅನ್ನುತ್ತಾರೆ. ನಮ್ಮ ಆಟದಲ್ಲಿ ಒಳ್ಳೆಯವನು ಅಂದರೆ ಒಮ್ಮೆಯೂ ಗೆಲ್ಲದವನು.

ನನ್ನ ತಂಡದ ಎಮ್ಲಿನ್ ಕೂಡ ಒಳ್ಳೆಯವನೇ. ವೇಲ್ಸಿನ ಗಣಿ ಊರಿನವನು, ಮೂವತ್ಮೂರು ವಯಸ್ಸು, ಹತ್ತು ವರ್ಷ ಬೇರೆಯವರಿಗಾಗಿಯೇ ತುಳಿದವನು, ಇದೇ ಕೊನೆಯ ವರ್ಷ. ಆ ಎಂಟು ದಿನದ ಸ್ಪರ್ಧೆಗೆ ನಮ್ಮ ತಂಡದಿಂದ ಆರು ಸವಾರರು ಬಂದಿದ್ದರು. ಇಬ್ಬರು ಬಿದ್ದು, ಇಬ್ಬರು ಕೆಮ್ಮಿ, ಬುಧವಾರದ ಹೊತ್ತಿಗೆ ಮನೆ ಸೇರಿದರು. ಉಳಿದವರು ಎಮ್ಲಿನ್ ಮತ್ತು ಕಾಲಿನ್. ಕಾಲಿನ್ ನಮ್ಮ ನಾಯಕ. ಒಟ್ಟು ಸಮಯದಲ್ಲಿ ಹನ್ನೊಂದು ಸೆಕೆಂಡು ಮುಂದಿದ್ದ, ಮೈಮೇಲೆ ಎಲ್ಲರಿಗಿಂತ ಮುಂದಿರುವವನು ತೊಡುವ ಹಳದಿ ಅಂಗಿ.

ಏಳನೆಯ ದಿನ ಬೆಳಿಗ್ಗೆ ಹೋಟೆಲಿನಲ್ಲಿ ಗಂಜಿ ಕಲಕುತ್ತ ಕೂತಿದ್ದ ಕಾಲಿನ್‌ನನ್ನು ಕೇಳಿದೆ.

"ಕಾಲು ಹೇಗಿದೆ?"

"ಪರವಾಗಿಲ್ಲ."

ಸರಿ ಅಂದುಕೊಂಡು ಎಮ್ಲಿನ್‌ಗೆ ಅಪ್ಪಣೆ ಕೊಟ್ಟೆ. "ಯಾರಾದ್ರೂ ಮುಂದೆ ಕಿತ್ಕೊಂಡು ಹೋದ್ರೆ ನೀನೂ ಹೋಗು. ಸುಮ್ನೆ ಅವರ ಬೆನ್ನಿಗೆ ಅಂಟ್ಕೊಂಡಿರು."

ಹಾಗೇ ಆಯಿತು. ಐದು ಜನ ತಪ್ಪಿಸಿಕೊಂಡರು, ಐದರಲ್ಲಿ ಎಮ್ಲಿನ್ ಒಬ್ಬ. ಆ ದಿನದ ಓಟ ಮುಗಿಯುವ ಊರು ಮುಟ್ಟಲು ಹದಿನೆಂಟು ಮೈಲಿ ಇರುವಾಗ ಹಿಂದಿನ ದೊಡ್ಡ ಗುಂಪಿಗೂ ಅವರಿಗೂ ಎರಡು ನಿಮಿಷದ ಅಂತರ. ಅಧಿಕಾರಿಯ ಅನುಮತಿ ಪಡೆದು ನಮ್ಮ ಕಾರನ್ನು ಆ ಐವರ ಹಿಂದೆ ಹಾಕಿದೆ. ಹಿಂದಿನ ಸೀಟಿನಲ್ಲಿ ಮೆಕ್ಯಾನಿಕ್ ವಿಲ್ಫ್, ತೊಡೆಯ ಮೇಲೆ ಎರಡು ಚಕ್ರ ಇಟ್ಟುಕೊಂಡು.

"ಗೆರೆ ಹತ್ರದ ಕೊನೇ ಓಟದಲ್ಲಿ ಈ ನಾಲ್ವರಲ್ಲಿ ಎಮ್ಲಿನ್‌ನ ಹಿಡಿಯೋನು ಒಬ್ಬನೂ ಇಲ್ಲ ಕಣೋ ರೆಗ್" ಅಂದ ವಿಲ್ಫ್. "ಹತ್ತು ವರ್ಷ ಆದ್ಮೇಲೆ ಮುದುಕನಿಗೆ ದಿನ ಗೆದ್ದವನ ಹೂವಿನ ಗೊಂಚಲು."

"ಬಾಯಿ ಮುಚ್ಕೊಂಡಿರೋ" ಅಂದೆ. ಆದರೆ ನನಗೂ ಅದೇ ಆಸೆ.

ಆಗ ಕಾರಿನ ರೇಡಿಯೋ ಉಲಿಯಿತು. ಏರಿನಲ್ಲಿ ಹಳದಿ ಅಂಗಿಯವನು ದೊಡ್ಡ ಗುಂಪಿನಿಂದ ಹಿಂದೆ ಬಿದ್ದಿದ್ದಾನೆ, ಗುಂಪಿಗಿಂತ ಒಂದು ನಿಮಿಷ ಹಿಂದೆ.

ಒಂಟಿಯಾಗಿ ಗಾಳಿಗೆ ಎದೆ ಕೊಟ್ಟರೆ ಕಾಲಿನ್ ಮುಳುಗಿದ ಹಾಗೇ. ಮುಂದೆ ತುಳಿದು ಗಾಳಿ ತಡೆದು ಎಳೆದು ತರಲು ಒಬ್ಬ ಬೇಕು, ನಮ್ಮ ಹತ್ತಿರ ಇದ್ದವನೇ ಒಬ್ಬ. ಇಪ್ಪತ್ತು ವರ್ಷದ ಅಭ್ಯಾಸ ನನ್ನದು, ತಲೆಗಿಂತ ಮೊದಲು ಕಾಲೇ ಆಕ್ಸಿಲರೇಟರ್ ಒತ್ತಿತು. ಎಮ್ಲಿನ್ ಪಕ್ಕಕ್ಕೆ ಕಾರು ತಂದು ಕಿಟಕಿ ಇಳಿಸಿದೆ.

"ನಿಲ್ಲು. ಕಾಲಿನ್ ಹಿಂದೆ ಬಿದ್ದಿದಾನೆ. ಕಾದಿದ್ದು ಎಳ್ಕೊಂಡು ಬಾ."

"ಬಾಸ್, ಇವತ್ತು ನಾನು ಗೆಲ್ತೀನಿ."

"ಗೊತ್ತು ಮಾರಾಯ."

"ಅವನ ಮುಖ ನೋಡಿದ್ರಾ? ಬರೋ ಸ್ಥಿತೀಲಿ ಇದಾನಾ?"

"ಬೆಳಿಗ್ಗೆ ಪರವಾಗಿಲ್ಲ ಅಂದ. ನಿಲ್ಲು ಅಂದ್ರೆ ನಿಲ್ಲಬೇಕು!"

ಅವನು ಹದಿನೈದು ಸಲ ಪೆಡಲ್ ತುಳಿದ. ನಾನು ಎಣಿಸಿದೆ. ಆಮೇಲೆ ಪಾದವನ್ನು ಪೆಡಲಿಗೆ ಬಿಗಿದ ಬೆಲ್ಟು ಸಡಿಲಿಸಿ, ಕಲ್ಲಿನ ಗೋಡೆಯ ಪಕ್ಕ ಒಂದು ಕಾಲು ಊರಿ ನಿಂತ. ಉಳಿದ ನಾಲ್ವರು ತಿರುಗಿ ನೋಡಿ, ನಂಬಲಾಗದೆ ಮತ್ತೊಮ್ಮೆ ನೋಡಿ, ಜೋರಾಗಿ ತುಳಿದರು. ನಾನೂ ಕಾರು ನಿಲ್ಲಿಸಿದೆ.

ಎರಡು ನಿಮಿಷಕ್ಕೆ ದೊಡ್ಡ ಗುಂಪು ಬಂತು. "ಏನ್ ಎಮ್ಲಿನ್, ಬಸ್ಸಿಗೆ ಕಾಯ್ತಿದ್ದೀಯಾ?" ಅಂತ ಯಾರೋ ಕೂಗಿದ. ಗುಂಪೂ ದಾಟಿತು. ಎಮ್ಲಿನ್ ಕೆಳಗಿನ ತಿರುವನ್ನೇ ನೋಡುತ್ತಿದ್ದ. ನಾನೂ ನೋಡುತ್ತಿದ್ದೆ. ಒಂದು ಕುರಿ ಬಿಟ್ಟರೆ ಬೇರೇನೂ ಬರಲಿಲ್ಲ.

ಮತ್ತೊಂದು ನಿಮಿಷಕ್ಕೆ ರೇಡಿಯೋ ಹೇಳಿತು: ಇಪ್ಪತ್ತೊಂದನೇ ನಂಬರ್, ಹಳದಿ ಅಂಗಿ, ಸ್ಪರ್ಧೆ ಬಿಟ್ಟು ಆಂಬುಲೆನ್ಸ್ ಹತ್ತಿದ್ದಾರೆ.

"ಹಾಳಾಗ್ ಹೋಗ್ಲಿ" ಅಂದ ವಿಲ್ಫ್.

ನಾನು ಕಿಟಕಿಯಿಂದ ಅರ್ಧ ಹೊರಗೆ ಬಂದು ಕಿರುಚಿದೆ. "ಹೋಗು! ಹೋಗೋ! ಕಾಲಿನ್ ಆಂಬುಲೆನ್ಸಲ್ಲಿ ಕೂತಿದಾನೆ!"

ಎಮ್ಲಿನ್ ಹೋದ. ಯಾರಿಗಾಗಿಯೂ ಅವನು ಹಾಗೆ ತುಳಿದದ್ದನ್ನು ನಾನು ನೋಡಿಲ್ಲ. ಗುಂಪಿನ ಬಾಲವನ್ನೂ ಹಿಡಿದ. ಆದರೆ ಅಷ್ಟರಲ್ಲಿ ಆ ನಾಲ್ವರು ಊರೊಳಗೆ ಸೇರಿದ್ದರು. ಗೆದ್ದವನನ್ನು ಎಮ್ಲಿನ್ ಆ ವರ್ಷವೇ ಮೂರು ಸಲ ಕೊನೆಯ ಓಟದಲ್ಲಿ ಹಿಂದೆ ಹಾಕಿದ್ದ, ಆದರೆ ಮೂರು ಸಲವೂ ಮೂವತ್ತನೆಯ ಸ್ಥಾನಕ್ಕಾಗಿ ನಡೆದ ಪೈಪೋಟಿಯಲ್ಲಿ.

ಹೋಟೆಲಿನಲ್ಲಿ ಕಾಲಿನ್ ಬಕೆಟ್ ತಬ್ಬಿಕೊಂಡು ಮಲಗಿದ್ದ.

"ರಾತ್ರಿಯಿಂದಲೇ ಹೊಟ್ಟೆ ಕೆಟ್ಟಿತ್ತು ರೆಗ್."

"ಮತ್ತೆ ಕೇಳಿದಾಗ ಪರವಾಗಿಲ್ಲ ಅಂದ್ಯಲ್ಲೋ!"

"ಕೇಳಿದ್ರೆ ಎಲ್ರೂ ಹಾಗೇ ತಾನೆ ಅನ್ನೋದು?"

ನಿಜ. ಕಾಲಿನ್‌ನ ಯಾರ್ಕ್‌ಷೈರಿನಲ್ಲಿ ಕಾಲು ಮುರಿದು ಬಿದ್ದವನೂ ಪರವಾಗಿಲ್ಲ ಅನ್ನುತ್ತಾನೆ. ನಾನೂ ಅಲ್ಲಿಯವನೇ, ನಾನೂ ಹಾಗೇ ಅಂದವನು. ಗೊತ್ತಿದ್ದೂ ಆ ಒಂದು ಮಾತಿನ ಮೇಲೆ ಒಬ್ಬನ ಹತ್ತು ವರ್ಷವನ್ನು ಗೋಡೆ ಪಕ್ಕ ನಿಲ್ಲಿಸಿದೆ. ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು.

ಕೆಳಗೆ ಅಂಗಳದಲ್ಲಿ ಎಮ್ಲಿನ್ ಕಾರಿನ ಡಿಕ್ಕಿಯ ಮೇಲೆ ಕೂತು ಡಬ್ಬಿಯಿಂದ ಅನ್ನದ ಪಾಯಸ ತಿನ್ನುತ್ತಿದ್ದ. ಮುಖದ ಧೂಳನ್ನೂ ತೊಳೆದಿರಲಿಲ್ಲ. ಬೈಯಲಿ, ಡಬ್ಬಿ ಎಸೆಯಲಿ ಅಂತ ಅವನ ಮುಂದೆ ಹೋಗಿ ನಿಂತೆ.

"ನಾಳೆ ಯಾರಿಗೆ ಕಾಯ್ಬೇಕು ಬಾಸ್?"

ಚುಚ್ಚುವುದಕ್ಕೆ ಕೇಳಿದ ಮಾತಲ್ಲ ಅದು. ನಾಳೆಯ ಕೆಲಸ ಏನು ಅಂತ ಕೇಳುತ್ತಿದ್ದ, ಅಷ್ಟೇ.

"ಯಾರಿಗೂ ಇಲ್ಲ. ಉಳಿದೋನು ನೀನೊಬ್ಬನೇ. ನಿನಗೋಸ್ಕರ ಓಡಿಸು."

ಅವನ ಚಮಚ ಅರ್ಧದಲ್ಲೇ ನಿಂತಿತು. "ಅದು ಹೇಗೆ ಬಾಸ್? ಯಾವಾಗ ನುಗ್ಗಬೇಕು, ಯಾವಾಗ ಸುಮ್ನಿರಬೇಕು, ಯಾರಾದ್ರೂ ಹೇಳ್ಬೇಕಲ್ಲ."

ನನ್ನ ಮುಖವನ್ನೇ ನೋಡುತ್ತ ಕೂತ. ಇಪ್ಪತ್ತು ವರ್ಷ ಈ ರಸ್ತೆಯಲ್ಲೇ ಸವೆದಿದ್ದೇನೆ, ಒಂದು ದಿನವೂ ನನಗೋಸ್ಕರ ತುಳಿದವನಲ್ಲ.

"ನನಗೂ ಗೊತ್ತಿಲ್ಲ ಎಮ್ಲಿನ್" ಅಂದೆ.