ಶೇಖಮ್ಮನ ಶ್ರುತಿ

ಶಹಾಪುರದ ಕಾಲೇಜಿನ ವೇದಿಕೆಯಲ್ಲಿ ಮೋನಮ್ಮ ಕುಳಿತು ಪಿಟೀಲನ್ನು ಪಾದಕ್ಕೆ ಊರಿ ಭೀಮಪಲಾಸದ ಆಲಾಪ ಎತ್ತಿದ್ದಳು. ಪಕ್ಕದಲ್ಲಿ ದೇವಿಂದ್ರ ಮೈಕು ಹಿಡಿದು, ತಲೆಯಾಡಿಸುತ್ತ, ತನ್ನ ರ‍್ಯಾಪಿನ ಮೊದಲ ಸಾಲಿಗೆ ಕಾಯುತ್ತಿದ್ದ. ಅವನ ಜೇಬಿನ ಫೋನು ಅದುರಿತು. ಕೇಳಿಸಿಕೊಂಡವನು ಮೈಕನ್ನು ನೆಲಕ್ಕಿಟ್ಟ.

"ಮೋನಕ್ಕ, ನಡಿ, ಮನಿಗಿ ಹೋಗಮು. ಆಯಿ ಹೋದ್ಳಂತ."

ಆಯಿ ಎಂದರೆ ಮೋನಮ್ಮನ ಅಜ್ಜಿ ಶೇಖಮ್ಮ. ಸುರಪುರದ ಸುತ್ತಿನ ಹಳ್ಳಿಗಳಲ್ಲಿ ತತ್ವಪದ ಹಾಡಿ ಹೆಸರಾದವಳು. ಗಂಡ ಮರಿಲಿಂಗಪ್ಪ ಬದುಕಿಡೀ ಅವಳ ಹಾಡಿಗೆ ಪಿಟೀಲು ನುಡಿಸಿದ್ದ. ಬೆರಳು ಬಾಗದಾದ ಮೇಲೆ ಅದನ್ನು ಮೊಮ್ಮಗಳ ಕೈಗೆ ಕೊಟ್ಟ. ಅವಳು ಕಾಲುವೆ ಗೇಟು ಕಾಯುವ ದೇವಿಂದ್ರನ ಜೊತೆ ಸೇರಿ ನುಡಿಸುವುದು ಮಾತ್ರ ಮರಿಲಿಂಗಪ್ಪನಿಗೆ ಹಿಡಿಸಿರಲಿಲ್ಲ.

"ಸಂತ್ಯಾಗ ಉಳ್ಳಾಗಡ್ಡಿ ಮಾರೋನಂಗ ಒದರ್ತಾನ. ಅದಕ್ಕ ಪಿಟೀಲು ಯಾಕ ಬೇಕು?" ಎನ್ನುತ್ತಿದ್ದ.

"ಒದರ್ಲಿ ಬಿಡ್ರಿ," ಎಂದು ಶೇಖಮ್ಮ ನಗುತ್ತಿದ್ದಳು. "ನಿಮ್ಮನ್ನ ಕಟಗೊಂಡು ನಾ ಏನು ಕಡಿಮಿ ಒದರೀನಿ?"

ಮೂರನೆಯ ದಿನ ಗೋರಿಗೆ ಹಾಲು-ತುಪ್ಪ ಬಿಟ್ಟು ಬಂದರು. ಸಂಜೆಯ ಹೊತ್ತಿಗೆ ಅಂಗಳದಲ್ಲಿ ಭಜನೆ ಕೂಡಿತು. ಹಾಡುಗಾರರು ತೀರಿಕೊಂಡರೆ ಅವರದೇ ಒಂದು ಪದವನ್ನು, ಅವರ ಹಾಡಿಗೆ ನುಡಿದ ವಾದ್ಯದ ಜೊತೆ ಹಾಡಿ ಕಳಿಸಬೇಕು. ಅದು ಭಜನೆ ಮೇಳದ ರೂಢಿ. ಕಾಲುವೆಗೆ ಮೊದಲು ನೀರು ಬಂದ ವರ್ಷ ಶೇಖಮ್ಮ ತಾನೇ ಕಟ್ಟಿದ ಪದವಾಗಲಿ ಎಂದು ಮರಿಲಿಂಗಪ್ಪ ಹೇಳಿದ.

ಮೋನಮ್ಮ ಕಮಾನು ಎಳೆದಳು. ಮೇಳದ ಹಿರಿಯ ಬಸವಂತ್ರಾಯ ದನಿ ಎತ್ತಿದವನು ಅರ್ಧ ಸಾಲಿಗೇ ಕೆಮ್ಮಿ ನಿಲ್ಲಿಸಿದ. ಪಿಟೀಲು ಶೇಖಮ್ಮನ ಎತ್ತರದ ಶ್ರುತಿಯಲ್ಲೇ ಇತ್ತು. ಗಂಡಸರ ದನಿ ಅಲ್ಲಿಗೆ ಏರುವಂತಿರಲಿಲ್ಲ.

"ತಂತಿ ಜರಾ ಇಳಸವ್ವ," ಎಂದ ಬಸವಂತ್ರಾಯ. "ಈ ಶ್ರುತಿಗಿ ಹಾಡಿದ್ರ ನಾಳಿ ನನಗೂ ಹಾಲು-ತುಪ್ಪ ಬಿಡಬೇಕಾಗ್ತದ."

ಕೂತವರು ಮೆಲ್ಲನೆ ನಕ್ಕರು. ಮೋನಮ್ಮ ಬಿರಡೆಗೆ ಕೈ ಹಾಕಿದಳು. ಮರಿಲಿಂಗಪ್ಪ ಅವಳ ಮಣಿಕಟ್ಟು ಹಿಡಿದ.

"ಬ್ಯಾಡ. ಅಕಿ ದನಿ ಇನ್ನ ಅದರಾಗ ಅಷ್ಟೇ ಉಳದಾದ."

"ಹಂಗಾದ್ರ ಹಾಡೋರ್ಯಾರು ಮಾವ? ಪದಾ ಇಲ್ದ ಕಳಸಕ್ಕಾಗ್ತದೇನು?" ಎಂದ ಬಸವಂತ್ರಾಯ.

ಮೋನಮ್ಮ ತಾನೇ ಹಾಡಲು ಹೋದಳು. ಮೊದಲ ಸಾಲಿಗೇ ಅತ್ತುಬಿಟ್ಟಳು. ಆ ಪದ ಬಲ್ಲ ಹೆಂಗಸರು ಬೇರೆ ಯಾರೂ ಇರಲಿಲ್ಲ. ಮರಿಲಿಂಗಪ್ಪ ತಲೆ ತಗ್ಗಿಸಿ ಕುಳಿತ. ತಂತಿ ಇಳಿಸಲೂ ಒಲ್ಲ, ಹೆಂಡತಿಯನ್ನು ಮೂಕಳಾಗಿ ಕಳಿಸಲೂ ಒಲ್ಲ.

ಬಾಗಿಲ ಬಳಿ ದೇವಿಂದ್ರ ಬಂದವರಿಗೆ ನೀರು ಕೊಡುತ್ತಿದ್ದ. ಮೋನಮ್ಮ ಅವನ ಕಡೆ ನೋಡಿ ಅಜ್ಜನಿಗೆ ಹೇಳಿದಳು.

"ಮುತ್ಯಾ, ದೇವಿಂದ್ರಗ ಈ ಪದಾ ಪೂರಾ ಬರ್ತದ. ಆಯಿನೇ ಕಲಿಸ್ಯಾಳ. ಅಂವ ಹಾಡಲ್ಲ, ಹೇಳ್ತಾನ. ಅಂವನ ಸಂಗಾಟ ಬಾರ್ಸುವಾಗ ನಾ ಒಂದಿನಾನೂ ಆಯಿ ಶ್ರುತಿ ಇಳಿಸಿಲ್ಲ."

ಮುದುಕ ತಲೆ ಎತ್ತಿ ದೇವಿಂದ್ರನನ್ನು ನೋಡಿದ. ಆಮೇಲೆ ತನ್ನ ಮಗ್ಗುಲಿಗೆ ಚಾಪೆ ಸರಿಸಿದ.

"ಬಾ, ಕೂಡು. ಅಕಿಗಿ ಕೇಳ್ಸುವಷ್ಟು ಹೇಳು."

ದೇವಿಂದ್ರ ಕೈ ಒರೆಸಿಕೊಂಡು ಕುಳಿತ. ತೊಡೆಯ ಮೇಲೆ ತಾಳ ಹಾಕುತ್ತ ಶುರುಮಾಡಿದ.

"ನೀರ ಬಂತವ್ವ ನೀರ, ಯಾರ ಮನಿ ನೀರ?
ಯಾರ ಹೊಲಕ ಹೋದ್ರೂ ಅದಕಿಲ್ಲ ಬ್ಯಾಸರ."

ಮೊದಲ ಸಲ ನಿಧಾನ. ಎರಡನೆಯ ಸಲ ಮಾತುಗಳು ಒತ್ತೊತ್ತಾಗಿ, ತಾಳದ ಸಂದಿಯಲ್ಲಿ ಬಿದ್ದು, ಮತ್ತೆ ಸರಿಯಾಗಿ ಪೆಟ್ಟಿನ ಮೇಲೇ ಬಂದು ನಿಂತವು. ಅದರ ಮೇಲೆ ಮೋನಮ್ಮನ ಕಮಾನು ಉದ್ದಕ್ಕೆ ಹರಿಯಿತು. ಬಸವಂತ್ರಾಯ ಒಂದು ಸುತ್ತು ಕೇಳಿ, ತಾಳ ಕೈಗೆತ್ತಿಕೊಂಡ. ಮರಿಲಿಂಗಪ್ಪನ ಸೊಟ್ಟ ಬೆರಳುಗಳು ಮೊಣಕಾಲ ಮೇಲೆ ಸ್ವರದ ಜಾಗಗಳನ್ನು ಒತ್ತತೊಡಗಿದವು.

ಪದ ಮುಗಿದರೂ ಮೋನಮ್ಮ ಷಡ್ಜವನ್ನು ಬಿಡಲಿಲ್ಲ. ಆ ಸ್ವರ ನಡೆದಿರುವಾಗಲೇ ಮರಿಲಿಂಗಪ್ಪ ಗೋಡೆ ಹಿಡಿದು ಎದ್ದು, ಗೋರಿಯ ದಿಕ್ಕಿಗೆ ತಿರುಗಿ ಮನೆದೇವರಿಗೆ ಕೈ ಮುಗಿದ.

"ತಿಂಥಣಿ ಮೋನಪ್ಪಯ್ಯ, ಬಾಳ ದಣದಾಳ. ಅಕಿನ್ನ ನಿನ್ನ ಪಾದದಾಗ ತಂಪಾಗಿ ಇಟಗೋ ನನ್ನಪ್ಪ."